ಗುಂಡಿ ನಮ್ಮದು, ಗೋಡೆ ಕಾರ್ಖಾನೆಯದು

ಅಮೆರಿಕದ ಹಿತ್ತಲಿನ ಈಜುಕೊಳಕ್ಕೆ ಮೊದಲ ದೊಡ್ಡ ಉಪಕಾರ ಮಾಡಿದವನು, ಸತ್ತ ಆನೆಗಳ ಚರ್ಮಕ್ಕೆ ಜೀವಕಳೆ ತುಂಬುತ್ತಿದ್ದ ಒಬ್ಬ ಕುಶಲಕರ್ಮಿ. ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿದ್ದ ಕಾರ್ಲ್ ಏಕ್ಲಿ 1907ರಲ್ಲಿ, ಮ್ಯೂಸಿಯಂ ಕಟ್ಟಡದ ಉದುರುತ್ತಿದ್ದ ಹೊರಗೋಡೆಯನ್ನು ರಿಪೇರಿ ಮಾಡಲೆಂದು, ಗಾಳಿಯ ಒತ್ತಡದಿಂದ ಸಿಮೆಂಟು ಚಿಮ್ಮಿಸುವ ಯಂತ್ರವೊಂದನ್ನು ಮಾಡಿದ. 1911ರಲ್ಲಿ ಅದಕ್ಕೆ ಪೇಟೆಂಟು ಸಿಕ್ಕಿತು. ಗನೈಟ್ ಎಂದು ಹೆಸರಾದ ಈ ವಿಧಾನ ಮುಂದೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಕೊಳ ಕಟ್ಟುವವರ ಕೈಸೇರಿತು. ಗುಂಡಿ ತೋಡಿ, ಕಬ್ಬಿಣದ ಬಲೆ ಹೆಣೆದು, ಮೇಲೆ ಗಾರೆ ಚಿಮ್ಮಿಸಿದರೆ ಯಾವ ಆಕಾರದ ಕೊಳ ಬೇಕಾದರೂ ಆಗುತ್ತಿತ್ತು. ಸೊನೋಮಾದ ಡಾನೆಲ್ ತೋಟದಲ್ಲಿ ಥಾಮಸ್ ಚರ್ಚ್ 1948ರಲ್ಲಿ ರೂಪಿಸಿದ ಬಾಗುಬಳುಕಿನ ಕೊಳ ಒಂದು ತಲೆಮಾರಿನ ಆಸೆಯನ್ನೇ ತಿದ್ದಿತು.

ಆದರೆ ಗನೈಟ್ ಅನುಭವಿ ತಂಡದ ಕೆಲಸ. ಮೂತಿ ಹಿಡಿದವನ ಕೈ ನಡುಗಿದರೆ ಗೋಡೆ ಸೋರುತ್ತದೆ. ಹಾಗಾಗಿ ಕೊಳ ಬಹುಕಾಲ ಸಿರಿವಂತರ ಸೊತ್ತಾಗಿತ್ತು. ಇತಿಹಾಸಕಾರ ಜೆಫ್ ವಿಲ್ಟ್ಸೆ ಕೊಡುವ ಲೆಕ್ಕದಂತೆ, 1950ರಲ್ಲಿ ನೆಲದೊಳಗಿನ ಸ್ವಂತ ಕೊಳ ಇದ್ದ ಅಮೆರಿಕನ್ ಕುಟುಂಬಗಳು ಸುಮಾರು 2,500; 1999ರ ಹೊತ್ತಿಗೆ 40 ಲಕ್ಷ. ಈ ಜಿಗಿತಕ್ಕೆ ಉಪನಗರಗಳ ವಿಸ್ತಾರ, ಯುದ್ಧಾನಂತರದ ಸಂಬಳ ಎಂದೆಲ್ಲ ಕಾರಣ ಹೇಳುವುದು ವಾಡಿಕೆ. ಅದು ಅರ್ಧ ಸತ್ಯ. 1949ರಲ್ಲಿ ಸೇಂಟ್ ಲೂಯಿಸ್‌ನ ಫೇರ್‌ಗ್ರೌಂಡ್ ಪಾರ್ಕಿನ ಸಾರ್ವಜನಿಕ ಕೊಳಕ್ಕೆ ಕಪ್ಪು ಜನರನ್ನು ಬಿಟ್ಟ ದಿನವೇ ಬಿಳಿಯರ ಗುಂಪು ಹೊಡೆದಾಟಕ್ಕಿಳಿಯಿತು. ಊರ ಕೊಳದಲ್ಲಿ ಎಲ್ಲರೂ ಈಜಬಹುದೆಂದಾದ ಮೇಲೆ ಬಿಳಿಯರಲ್ಲಿ ಅನೇಕರು ತಮ್ಮದೇ ಬೇಲಿಯೊಳಗೆ ನೀರು ಹುಡುಕಿಕೊಂಡರು. ಕೊಳದ ಕಂಪನಿಗಳ ಬಣ್ಣಬಣ್ಣದ ಜಾಹೀರಾತುಗಳಲ್ಲಿ ಈ ಮಾತು ಬರುವುದಿಲ್ಲ.

ಮಧ್ಯಮವರ್ಗದ ಕೈಗೆ ಕೊಳ ಎಟುಕಿದ್ದು ಪ್ಲಾಸ್ಟಿಕ್ಕಿನಿಂದ. 1926ರಲ್ಲಿ ಬಿ. ಎಫ್. ಗುಡ್‌ರಿಚ್ ಕಂಪನಿಯ ವಾಲ್ಡೊ ಸೀಮನ್ ಗಡುಸಾದ ಪಿವಿಸಿಯನ್ನು ಬಟ್ಟೆಯಂತೆ ಬಾಗುವ ಹಾಗೆ ಮಾಡುವ ದಾರಿ ಕಂಡಿದ್ದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದೇ ಪಿವಿಸಿ, ಅಂದರೆ ವಿನೈಲ್, ಹಾಳೆಯ ರೂಪದಲ್ಲಿ ಕೊಳದ ಒಳಹೊದಿಕೆಯಾಯಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ತಿರುವು ಇದೇ. ಗನೈಟ್ ಕೊಳದಲ್ಲಿ ಮಣ್ಣಿನ ಒತ್ತಡ ತಡೆಯುವುದೂ ನೀರು ಸೋರದಂತೆ ನೋಡಿಕೊಳ್ಳುವುದೂ ಒಂದೇ ಗೋಡೆಯ ಹೊಣೆ. ವಿನೈಲ್ ಬಂದ ಮೇಲೆ ಹೊಣೆ ಎರಡು ಪಾಲಾಯಿತು: ಭಾರ ಹೊರಲು ಗೋಡೆ, ನೀರು ಹಿಡಿಯಲು ಹಾಳೆ. ಗೋಡೆಯ ಸಂದಿನಲ್ಲಿ ಕೂದಲೆಳೆಯ ಬಿರುಕು ಇದ್ದರೂ ನಷ್ಟವಿಲ್ಲವೆಂದಾದಾಗ, ಗೋಡೆಯನ್ನು ತುಂಡುತುಂಡಾಗಿ ಕಾರ್ಖಾನೆಯಲ್ಲಿ ಮಾಡಿ ಬೋಲ್ಟು ಹಾಕಿ ಜೋಡಿಸಬಹುದು. ಕಿಟ್ ಹುಟ್ಟಿದ್ದು ಹಾಗೆ.

ಅಮೆರಿಕನ್ನರಿಗೆ ಈ ಯೋಚನೆ ಹೊಸದಾಗಿರಲಿಲ್ಲ. ಸಿಯರ್ಸ್ ಕಂಪನಿ 1908ರಿಂದ 1940ರವರೆಗೆ ಇಡೀ ಮನೆಯನ್ನೇ ತುಂಡುಗಳಾಗಿ ರೈಲಿನಲ್ಲಿ ಕಳಿಸಿ ಮಾರಿತ್ತು. ನಮಗೂ ಹೊಸದೇನಲ್ಲ ಅನ್ನಿ. ಹಂಪಿಯ ಮಹಾನವಮಿ ದಿಬ್ಬದ ಬಳಿ 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲು ಪುಷ್ಕರಣಿಯ ಕಪ್ಪು ಕಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು, ಎಷ್ಟನೆಯದು ಎಂಬ ಗುರುತು ಕೊರೆದಿದ್ದಾರೆ. ಬೇರೆಡೆ ಕಡೆದು, ತಂದು, ಗುರುತು ನೋಡಿ ಜೋಡಿಸಿದ ಕೊಳ ಅದು.

ಮರದ ಗೋಡೆ, ಸಿಮೆಂಟ್ ಇಟ್ಟಿಗೆಯ ಗೋಡೆಗಳನ್ನೆಲ್ಲ ದಾಟಿ ಕಿಟ್ ಕೊನೆಗೆ ನೆಲೆನಿಂತದ್ದು ಸತು ಲೇಪಿಸಿದ ಉಕ್ಕಿನ ಪ್ಯಾನೆಲಿನಲ್ಲಿ; ತುಕ್ಕಿಗೆ ಹೆದರುವವರಿಗೆ ಪಾಲಿಮರ್ ಪ್ಯಾನೆಲ್ ಬಂತು. ಪ್ಯಾನೆಲಿನ ಎತ್ತರ ಸಾಮಾನ್ಯವಾಗಿ 42 ಇಂಚು. ಎಂಟು ಅಡಿ ಆಳದ ಕೊಳಕ್ಕೆ ಇಷ್ಟು ಕುಳ್ಳ ಗೋಡೆ ಸಾಕೇ ಎಂದು ಮೊದಲ ಸಲ ನೋಡಿದವರು ಕೇಳುತ್ತಾರೆ. ಗೋಡೆಯ ಕೆಳಗಿನ ಇಳಿಜಾರು, ತಳ ಎಲ್ಲವೂ ಬರೀ ನೆಲ; ಅದರ ಮೇಲೆ ಸಿಮೆಂಟು ಬೆರೆಸಿದ ವರ್ಮಿಕ್ಯುಲೈಟ್ ಎಂಬ ಹಗುರ ಖನಿಜವನ್ನು ಕರಣೆಯಲ್ಲಿ ನಯಗೊಳಿಸಿರುತ್ತಾರೆ, ಅಷ್ಟೆ.

ಸ್ವಂತ ಕೈಯಿಂದ ಕಟ್ಟುವವನಿಗೆ ಪರೀಕ್ಷೆ ಎದುರಾಗುವುದು ಪೆಟ್ಟಿಗೆಯಲ್ಲಿ ಬಾರದ ಕೆಲಸಗಳಲ್ಲಿ. 16 ಅಡಿ ಅಗಲ, 32 ಅಡಿ ಉದ್ದದ ಕೊಳದ ಎರಡೂ ಕರ್ಣಗಳು 35 ಅಡಿ 9 ಇಂಚಿನ ಆಸುಪಾಸಿನಲ್ಲಿ ಒಂದಕ್ಕೊಂದು ಸರಿಹೊಂದಬೇಕು. ಇಲ್ಲವಾದರೆ ಮೂಲೆ ಮಟ್ಟ ತಪ್ಪಿದೆಯೆಂದೇ ಅರ್ಥ, ಅಳತೆಗೆ ಹೊಲಿದ ಹಾಳೆ ಕೂರುವುದಿಲ್ಲ. ಗೋಡೆಯ ಮೇಲಂಚು ಸುತ್ತಲೂ ರಸಮಟ್ಟಕ್ಕೆ ಒಪ್ಪಬೇಕು. ನಿಂತ ನೀರಿಗಿಂತ ಕಟುವಾದ ಮೇಸ್ತ್ರಿ ಬೇರೆ ಇಲ್ಲ. ಒಂದು ಮೂಲೆ ಇಂಚು ತಗ್ಗಿದ್ದರೂ ಅದು ಜನ್ಮಪೂರ್ತಿ ತೋರಿಸುತ್ತಿರುತ್ತದೆ. ಪ್ಯಾನೆಲ್‌ಗಳ ಬುಡಕ್ಕೆ ಸುತ್ತಲೂ ಆರೆಂಟು ಇಂಚು ಕಾಂಕ್ರೀಟು ಸುರಿದ ಮೇಲೆ ತಿದ್ದುವ ಅವಕಾಶವೂ ಹೋಯಿತು.

ಹಾಳೆಯನ್ನು ಮೇಲಂಚಿನ ಸೀಳಿಗೆ ಸಿಕ್ಕಿಸಿದ ನಂತರ ಗೋಡೆಗೂ ಹಾಳೆಗೂ ನಡುವಿನ ಗಾಳಿಯನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಹೀರುತ್ತಾರೆ. ನೋಡನೋಡುತ್ತಿದ್ದಂತೆ ಸುಕ್ಕುಗಳೆಲ್ಲ ಮಾಯವಾಗಿ ಹಾಳೆ ಗೋಡೆಗೆ ಅಂಟುತ್ತದೆ. ಇಡೀ ಕೆಲಸದಲ್ಲಿ ಖುಷಿ ಕೊಡುವ ಗಳಿಗೆ ಅದೊಂದೇ ಇರಬೇಕು. ಆಮೇಲೆ ಒಳಗೆ ನೀರು ಏರಿದಂತೆ ಹೊರಗೆ ಮಣ್ಣು ತುಂಬುತ್ತ ಬರಬೇಕು, ಒತ್ತಡ ಎರಡೂ ಕಡೆ ಸಮನಾಗಿರಲೆಂದು. ಇಂಥ ಕೊಳ ತುಂಬಲು ಹೆಚ್ಚುಕಡಿಮೆ 80,000 ಲೀಟರ್ ಬೇಕು. ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದೆಂದು ಬೆಂಗಳೂರು ಜಲಮಂಡಳಿ 2024ರ ಮಾರ್ಚಿನಲ್ಲಿ ಆದೇಶ ಹೊರಡಿಸಿದ್ದನ್ನು ಕಂಡವರಿಗೆ ಈ ಅಂಕಿಯ ತೂಕ ಗೊತ್ತು. ಅಂತರ್ಜಲ ಮೇಲಿರುವ ಜಾಗದಲ್ಲಿ ತೊಂದರೆ ತಿರುವುಮುರುವು: ಕೊಳ ಖಾಲಿ ಮಾಡಿದರೆ ಕೆಳಗಿನ ನೀರು ಹಾಳೆಯನ್ನು ಮೇಲಕ್ಕೆ ತೇಲಿಸಿಬಿಡುತ್ತದೆ.

ಫ್ರಾನ್ಸಿನಲ್ಲಿ ಕಿಟ್ ಬೇರೆ ಹಾದಿ ಹಿಡಿಯಿತು. 1966ರಲ್ಲಿ ತನ್ನ ಮನೆಯವರಿಗಾಗಿ ಕೊಳ ಕಟ್ಟಿದ ಜಾನ್ ದೆಜ್ವಾಯೊ ಸ್ಥಾಪಿಸಿದ ಕಂಪನಿ, ಟೊಳ್ಳು ಪ್ಲಾಸ್ಟಿಕ್ ಹಲಗೆಗಳನ್ನು ನಿಲ್ಲಿಸಿ ಅವುಗಳೊಳಗೆ ಕಾಂಕ್ರೀಟು ಸುರಿಯುವ ಪದ್ಧತಿಯನ್ನು ಬೆಳೆಸಿತು. ಸೆಂಟ್ರಿಂಗ್ ಹಲಗೆಯನ್ನು ಕೀಳುವ ಪ್ರಶ್ನೆಯೇ ಇಲ್ಲ, ಅದೂ ಗೋಡೆಯ ಭಾಗ.

ಸುರಕ್ಷತೆಯ ನಿಯಮಗಳು ಬಂದದ್ದು ತಡವಾಗಿ, ಅದೂ ಮಕ್ಕಳ ಜೀವ ಹೋದ ಮೇಲೆ. ಮಕ್ಕಳು ಬೀಳದಂತೆ ಬೇಲಿ, ಮುಚ್ಚಿಗೆ ಅಥವಾ ಎಚ್ಚರಗಂಟೆ ಇರಲೇಬೇಕೆಂದು ಫ್ರಾನ್ಸ್ 2003ರಲ್ಲಿ ಕಾನೂನು ಮಾಡಿತು. ತಳದ ತೂಬಿನ ಸೆಳೆತಕ್ಕೆ ಮಗುವೊಂದು ಸಿಕ್ಕಿಬಿದ್ದು ಸತ್ತ ಪ್ರಕರಣದ ಬಳಿಕ ಅಮೆರಿಕ 2007ರಲ್ಲಿ ತೂಬಿನ ಮುಚ್ಚಳಗಳಿಗೆ ಮಾನದಂಡ ವಿಧಿಸಿತು. ಕೊಳವೇ ಅಂದಮೇಲೆ ತೂಬು ಬೇಡವೇ ಎನ್ನಬಹುದು. ಮನೆಯಲ್ಲಿ ಕಟ್ಟುವ ಹಲವರು ಈಗ ಅದನ್ನು ಬಿಟ್ಟೇಬಿಡುತ್ತಾರೆ. ನೀರಿನ ಮೇಲ್ಪದರವನ್ನು ಸೆಳೆದುಕೊಳ್ಳುವ ಮೇಲಂಚಿನ ಸ್ಕಿಮ್ಮರಿನಿಂದಲೇ ಕೆಲಸ ಸಾಗುತ್ತದೆ.

ಇತ್ತೀಚೆಗೆ ಗಾಳಿ ಬೀಸುತ್ತಿರುವುದು ಫೈಬರ್‌ಗ್ಲಾಸ್ ಕಡೆಗೆ. ಅಲ್ಲಿ ಇಡೀ ಕೊಳವೇ ಒಂದು ಅಚ್ಚು. ಲಾರಿಯಲ್ಲಿ ಬಂದು ಕ್ರೇನಿನಿಂದ ಗುಂಡಿಗಿಳಿಯುತ್ತದೆ. ವಿನೈಲ್ ಬೇರ್ಪಡಿಸಿದ್ದ ಎರಡು ಹೊಣೆಗಳನ್ನು ಕಾರ್ಖಾನೆ ಮತ್ತೆ ಒಂದು ಮಾಡಿದೆ, ಮಾಲೀಕನ ಪಾಲಿಗೆ ಉಳಿದದ್ದು ಹಣ ಕೊಡುವುದು. 1956ರಿಂದ ಈ ವ್ಯಾಪಾರದಲ್ಲಿರುವ, ಪ್ಯಾನೆಲ್ ಮತ್ತು ಹಾಳೆಗಳನ್ನೂ ಮಾಡುವ ಲೇಥಮ್ ಕಂಪನಿ ಕೂಡ ಇಂದು ಫೈಬರ್‌ಗ್ಲಾಸ್ ಮೇಲೆ ದೊಡ್ಡ ಭರವಸೆ ಇಟ್ಟಿದೆ. ಹತ್ತು ವರ್ಷದ ಆಸುಪಾಸಿನಲ್ಲಿ ಹಾಳೆ ಬದಲಿಸುವ ಗೋಜು ಇದಕ್ಕಿಲ್ಲ. ಆದರೆ ರಸ್ತೆಯ ಮೇಲೆ ಸಾಗಿಸಬೇಕಾದ್ದರಿಂದ ಅಗಲ 16 ಅಡಿ ದಾಟುವುದು ಕಷ್ಟ, ಮತ್ತು ಕ್ರೇನು ಹೋಗಲು ಜಾಗ ಬೇಕು. ಮನೆಯ ಪಕ್ಕದಲ್ಲಿ ಮೂರಡಿಯ ಓಣಿಯಷ್ಟೇ ಇರುವವರು ಈಗಲೂ ಪ್ಯಾನೆಲ್ ಕಿಟ್ಟನ್ನೇ ತರಿಸುತ್ತಾರೆ. ಒಂದೊಂದೇ ಪ್ಯಾನೆಲನ್ನು ಇಬ್ಬರು ಹಿಡಿದು ಹಿತ್ತಲಿಗೆ ಒಯ್ಯಬಹುದು.