ಗುಣವಾದ ಮೇಲಿನ ಬೆಳವಣಿಗೆ: ಬಾಲ್ಯದ ಕ್ಯಾನ್ಸರ್ ಚಿಕಿತ್ಸೆಯ ಚರಿತ್ರೆಯಲ್ಲಿ ಒಂದು ಅಧ್ಯಾಯ

ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಯ ಹೆಸರು ಚರಿತ್ರೆಯ ಗ್ರಂಥಗಳಲ್ಲಿ ಸಾಮಾನ್ಯವಾಗಿ ಒಂದೇ ಸಂದರ್ಭದಲ್ಲಿ ಬರುತ್ತದೆ. 1791ನೆಯ ಮೇ ತಿಂಗಳಿನಲ್ಲಿ ಕಾರ್ನ್‌ವಾಲಿಸನ ದಂಡು ಈ ಊರಿನ ಬಳಿ ಕಾವೇರಿಯನ್ನು ದಾಟಬಯಸಿ, ಅದು ಸಾಧ್ಯವಾಗದೆ, 15ರಂದು ಟಿಪ್ಪುವಿನ ಸೇನೆಯೊಡನೆ ಕಾದಿತು. ಕಾಳಗದಲ್ಲಿ ಮೇಲುಗೈ ಅದರದೇ ಆಯಿತು. ಆದರೆ ದವಸ ಸಾಲದೆ, ಬಂಡಿಯೆತ್ತುಗಳು ಸತ್ತು, ಮುತ್ತಿಗೆಯ ಫಿರಂಗಿಗಳನ್ನು ತಾನೇ ನಾಶಮಾಡಿ ಅದು ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಗೆಲ್ಲುವುದು ಬೇರೆ, ಗೆದ್ದ ಮೇಲೆ ಮುಂದೆ ಸಾಗಲು ಬೇಕಾದ ಒದಗಣೆ ಬೇರೆ ಎಂಬುದಕ್ಕೆ ಅಧ್ಯಾಪಕರು ಈ ಪ್ರಸಂಗವನ್ನು ಉದಾಹರಿಸಬಹುದು. ಪ್ರಕೃತ ಲೇಖನದಲ್ಲಿ ನಾವು ಹೇಳಹೊರಟಿರುವುದೂ ಇಂತಹುದೇ ಒಂದು ಮಾತು. ಆದರೆ ನಮ್ಮ ವಿಷಯ ಯುದ್ಧವಲ್ಲ, ಶಿಶುಪಾಲನೆ.

ಅರಕೆರೆಯಂತಹ ಹೋಬಳಿಯೂರಿನಲ್ಲಿ ಎರಡು ಮೂರು ವರ್ಷದ ಮಗುವಿಗೆ ರಕ್ತದ ಕ್ಯಾನ್ಸರು ತಗುಲಿದರೆ ತಂದೆತಾಯಿಗಳು ನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿಗೆ ಎಡತಾಕುತ್ತಾರೆ. ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ರೋಗ ವಾಸಿಯಾಗಿ ಮಗು ಮನೆಗೆ ಬರುತ್ತದೆ, ಊರು ಸಂತೋಷಪಡುತ್ತದೆ. ಆಮೇಲೆ ಕೆಲವು ಮಕ್ಕಳಲ್ಲಿ ಬೇರೊಂದು ತೊಡಕು ತಲೆದೋರುತ್ತದೆ. ಮಾತು ತಡವಾಗುತ್ತದೆ, ನಡಿಗೆ ತೊಡರುತ್ತದೆ, ನಿನ್ನೆ ಕಲಿತ ಅಕ್ಷರ ಇಂದು ಮರೆತುಹೋಗುತ್ತದೆ. ಇದು ಹೇಗೆ ಬಂದಿತು, ಇದನ್ನು ಯಾರು ಯಾವಾಗ ಗುರುತಿಸಿದರು, ಇದಕ್ಕೆ ನಮ್ಮ ನಾಡಿನಲ್ಲಿ ಒದಗಿರುವ ಆಸರೆ ಯಾವುದು ಎಂಬುದನ್ನು ಕಾಲಾನುಕ್ರಮವಾಗಿ ನೋಡೋಣ.

1947ಕ್ಕೆ ಮೊದಲು ಮಕ್ಕಳ ತೀವ್ರ ರಕ್ತಕ್ಯಾನ್ಸರಿಗೆ ಔಷಧವೇ ಇರಲಿಲ್ಲ. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅವರು, ಅಮಿನಾಪ್ಟೆರಿನ್ ಎಂಬ ದ್ರವ್ಯವನ್ನು ಕೊಟ್ಟ 16 ಮಕ್ಕಳಲ್ಲಿ 10 ಮಕ್ಕಳು ತಾತ್ಕಾಲಿಕವಾಗಿ ಚೇತರಿಸಿಕೊಂಡುದನ್ನು ಪ್ರಕಟಿಸಿದರು. ಆ ದ್ರವ್ಯವನ್ನು ಸಿದ್ಧಪಡಿಸಿದ ಲೆಡರ್ಲಿ ಪ್ರಯೋಗಶಾಲೆಯ ಸಂಶೋಧನೆಗೆ ಮುಂದಾಳಾಗಿದ್ದವರು ಆಂಧ್ರದ ಎಲ್ಲಾಪ್ರಗಡ ಸುಬ್ಬರಾವ್ ಎಂಬುದು ನಮಗೆ ಹೆಮ್ಮೆಯ ಸಂಗತಿ. ಅದೇ ಕುಲದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ಆದರೆ ಔಷಧದಿಂದ ರಕ್ತದಲ್ಲಿ ಅಡಗಿದ ರೋಗ ಮಿದುಳಿನ ಸುತ್ತಣ ಪೊರೆಗಳಲ್ಲಿ ಅವಿತುಕೊಂಡು ಮರಳುತ್ತಿತ್ತು. 1962ರಲ್ಲಿ ಮೆಂಫಿಸ್ ನಗರದಲ್ಲಿ ತೆರೆದ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಮತ್ತು ಅವರ ಸಹೋದ್ಯೋಗಿಗಳು ಹಲವು ಔಷಧಗಳೊಡನೆ ತಲೆಗೆ 24 ಗ್ರೇ ಪ್ರಮಾಣದ ವಿಕಿರಣವನ್ನೂ, ಬೆನ್ನುಹುರಿಯ ದ್ರವಕ್ಕೆ ಮೆಥೊಟ್ರೆಕ್ಸೇಟನ್ನೂ ಕೊಟ್ಟು ಆ ಅಡಗುದಾಣವನ್ನು ಮುಚ್ಚಿದರು. 1967ರಲ್ಲಿ ಆರಂಭವಾದ ಅವರ ಐದನೆಯ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಬದುಕಿ ಉಳಿದರು. ಸಾವೇ ನಿಶ್ಚಯವೆಂದಿದ್ದ ರೋಗದಲ್ಲಿ ಇದು ಮಹತ್ತರವಾದ ವಿಜಯ.

ಭಾರತದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ತೆರೆಯಿತು. 1980ರ ದಶಕದಲ್ಲಿ ಮುಂಬಯಿ, ಮದರಾಸು ಮತ್ತು ದೆಹಲಿಯ ಕೇಂದ್ರಗಳು ಒಂದೇ ಕ್ರಮದ ಚಿಕಿತ್ಸೆಯನ್ನು ಕೈಕೊಂಡಾಗ ಈ ರೋಗದಿಂದ ಬದುಕುಳಿಯುವ ಮಕ್ಕಳ ಸಂಖ್ಯೆ ನಮ್ಮಲ್ಲಿಯೂ ಏರಿತು. ಆ ಕ್ರಮದಲ್ಲಿಯೂ ತಲೆಯ ವಿಕಿರಣ ಸೇರಿತ್ತು. ಕರ್ನಾಟಕದಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ, 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಹಳ್ಳಿಗಳ ಬಡ ಕುಟುಂಬಗಳಿಗೆ ಅದೇ ದೊಡ್ಡ ಆಸರೆ.

ವಿಜಯದ ಬೆಲೆ ಗೋಚರವಾದುದು ತಡವಾಗಿ. 1970 ಮತ್ತು 1980ರ ದಶಕಗಳಲ್ಲಿ, ಬದುಕಿದ ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ, ಅವರಲ್ಲಿ ಅನೇಕರ ಗಮನಶಕ್ತಿ ಕುಂದಿರುವುದೂ, ವಿಷಯವನ್ನು ಗ್ರಹಿಸುವ ವೇಗ ತಗ್ಗಿರುವುದೂ ಪರೀಕ್ಷೆಗಳಿಂದ ತಿಳಿದುಬಂದಿತು. ಎಳೆಯ ಮಿದುಳಿನಲ್ಲಿ ನರತಂತುಗಳ ಹೊದಿಕೆ ಇನ್ನೂ ಬೆಳೆಯುತ್ತಿರುವುದರಿಂದ, ವಯಸ್ಸು ಚಿಕ್ಕದಾದಷ್ಟೂ ವಿಕಿರಣದ ಹಾನಿ ಹೆಚ್ಚು. ಅದು ವರ್ಷಗಳು ಕಳೆದ ಮೇಲೆಯೇ ತೋರಿಬರುವುದೂ ಉಂಟು. ಇದಲ್ಲದೆ ವಿನ್‌ಕ್ರಿಸ್ಟಿನ್ ಕಾಲಿನ ನರಗಳನ್ನು ದುರ್ಬಲಗೊಳಿಸಬಲ್ಲದು; ಬೇರೆ ಗಡ್ಡೆಗಳಿಗೆ ಕೊಡುವ ಸಿಸ್‌ಪ್ಲಾಟಿನ್ ಕಿವಿಯನ್ನು ಮಂದಗೊಳಿಸಬಲ್ಲದು. ಔಷಧಗಳಾಚೆಗೆ ಇನ್ನೊಂದು ಕಾರಣವಿದೆ: ಮಾತು ಕಲಿಯುವ, ಓರಗೆಯವರೊಡನೆ ಆಡುವ ವರ್ಷಗಳನ್ನೇ ಮಗು ಆಸ್ಪತ್ರೆಯಲ್ಲಿ, ಸೋಂಕಿನ ಭಯದಿಂದ ಒಂಟಿಯಾಗಿ ಕಳೆದಿರುತ್ತದೆ. 1975ರಲ್ಲಿಯೇ ಅಮೆರಿಕದ ವೈದ್ಯ ಜ್ಯೂಲಿಯೊ ಡ್ಯಾಂಜಿಯೊ, ಮಗುವಿನ ರೋಗವನ್ನು ಗುಣಪಡಿಸಿದ ಮಾತ್ರಕ್ಕೆ ಕರ್ತವ್ಯ ಮುಗಿಯಲಿಲ್ಲವೆಂದು ವಾದಿಸಿದ್ದರು. ವೈದ್ಯರು ಈ ಎಚ್ಚರಿಕೆಯನ್ನು ಕಡೆಗಣಿಸಲಿಲ್ಲ. ವಿಕಿರಣದ ಪ್ರಮಾಣ 18 ಗ್ರೇಗೆ, ಅನಂತರ ಇನ್ನೂ ಕೆಳಕ್ಕೆ ಇಳಿಯಿತು. 2009ರಲ್ಲಿ ಸೇಂಟ್ ಜೂಡ್ ಆಸ್ಪತ್ರೆಯವರು ತಲೆಯ ವಿಕಿರಣವನ್ನು ಪೂರ್ತಿ ಕೈಬಿಟ್ಟೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳನ್ನು ಉಳಿಸಬಹುದೆಂದು ತೋರಿಸಿಕೊಟ್ಟರು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಹಾನಿಯ ಮಾತನ್ನೆತ್ತಿದರೆ ತಂದೆತಾಯಿಗಳು ಹೆದರಿ ಚಿಕಿತ್ಸೆಯನ್ನೇ ಬಿಡಲಾರರೆ? ಬಿಡಬಾರದು. ಚಿಕಿತ್ಸೆಯಿಲ್ಲದಿದ್ದರೆ ಮಗುವೇ ಉಳಿಯುವುದಿಲ್ಲ. ಚಿಕಿತ್ಸೆ ಪಡೆದ ಎಷ್ಟೋ ಮಕ್ಕಳು ಯಾವ ಕೊರತೆಯೂ ಇಲ್ಲದೆ ಬೆಳೆಯುತ್ತಾರೆ. ಆದುದರಿಂದ ನಮ್ಮ ವಾದ ಚಿಕಿತ್ಸೆಯ ವಿರುದ್ಧವಲ್ಲ. ಅದು ಮುಗಿದ ದಿನವೇ ಇನ್ನೊಂದು ಪಾಲನೆ ಆರಂಭವಾಗಬೇಕು ಎಂಬುದಷ್ಟೇ ನಮ್ಮ ವಾದ.

ಆ ಪಾಲನೆಗೆ ಬೇಕಾದ ಸಂಸ್ಥೆಗಳು ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ. ಅರಕೆರೆಗೆ ಸಮೀಪದ ಮೈಸೂರಿನಲ್ಲಿ 1965ರಲ್ಲಿಯೇ ವಾಕ್ ಶ್ರವಣ ಸಂಸ್ಥೆ ಹುಟ್ಟಿತು. ಕಿದ್ವಾಯಿ ಸಂಸ್ಥೆಗಿಂತ ಅದು ಎಂಟು ವರ್ಷ ಹಿರಿದು. ಮಕ್ಕಳ ಕಿವಿಯನ್ನೂ ಮಾತನ್ನೂ ಪರೀಕ್ಷಿಸಿ, ಅವರನ್ನು ಮನೆಯಲ್ಲಿ ಪಳಗಿಸುವ ಬಗೆಯನ್ನು ತಾಯಂದಿರಿಗೆ ಅಲ್ಲಿ ಕಲಿಸುತ್ತಾರೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿಗಳ ಯೋಜನೆ 33 ಕಡೆ ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾದುದು ಅರಕೆರೆಗೆ ನೆರೆಯಾದ ತಿರುಮಕೂಡಲು ನರಸೀಪುರ ತಾಲ್ಲೂಕು. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂದು, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಬೆಳವಣಿಗೆಯ ವಿಳಂಬವನ್ನು ಗುರುತಿಸುವ ಹೊಣೆಯನ್ನು ವಹಿಸಿಕೊಂಡಿತು. ಟಾಟಾ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿಸಿದ ಮಕ್ಕಳಿಗಾಗಿಯೇ 1991ರಲ್ಲಿ ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು.

ಹೀಗೆ ರೋಗವನ್ನು ಗೆದ್ದವರ ಚರಿತ್ರೆ ಒಂದು ಕವಲಾಗಿಯೂ, ನ್ಯೂನತೆಯುಳ್ಳ ಮಕ್ಕಳನ್ನು ಬೆಳೆಸಿದವರ ಚರಿತ್ರೆ ಇನ್ನೊಂದು ಕವಲಾಗಿಯೂ ಹರಿದುಬಂದಿವೆ. ಹಳ್ಳಿಯ ಮಗುವಿನ ಮಟ್ಟಿಗೆ ಇವೆರಡರ ಸಂಗಮಸ್ಥಾನ ತಾಯಿಯ ಕೈಚೀಲವೊಂದೇ. ಬೆಂಗಳೂರಿನ ಕಡತದಲ್ಲಿ ಔಷಧಗಳ ವಿವರ. ಮೈಸೂರಿನ ಕಡತದಲ್ಲಿ ಮಾತಿನ ವಿವರ. ಅಂಗನವಾಡಿಯ ಪುಸ್ತಕದಲ್ಲಿ ತೂಕದ ವಿವರ. ಮೂರನ್ನೂ ಕೂಡಿಸಿ ಓದುವವರು ಯಾರು? 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಹೆಸರಿಸಿದೆ. ಶೇಕಡ 40ಕ್ಕೆ ಕಡಮೆಯಿಲ್ಲದ ನ್ಯೂನತೆಯುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಕ್ಯಾನ್ಸರು ವಾಸಿಯಾದ ಮಗು ಆ ಪಟ್ಟಿಯಲ್ಲಿ ಸ್ವಂತ ಹೆಸರಿನಿಂದ ಇಲ್ಲ. ಕಿವಿಯ, ಮಾತಿನ, ಕಲಿಕೆಯ ಅಥವಾ ಬುದ್ಧಿಯ ನ್ಯೂನತೆಯೆಂದು ಅದರ ತೊಡಕನ್ನು ಯಾರಾದರೂ ಗುರುತಿಸಿ ಅಳೆದ ಮೇಲೆಯೇ ಹಕ್ಕು ದೊರೆಯುತ್ತದೆ. ತೊಡಕು ಅಳತೆಗೆ ಸ್ವಲ್ಪ ಕಡಮೆಯಾದರೆ ಮಗು ಕೇವಲ ‘ದಡ್ಡ’ ಎನಿಸಿಕೊಳ್ಳುತ್ತದೆ.

ಆಗಬೇಕಾದ ಕೆಲಸ ದೊಡ್ಡದಲ್ಲ. ಚಿಕಿತ್ಸೆ ಮುಗಿದಾಗ ಯಾವ ಔಷಧ, ಎಷ್ಟು ವಿಕಿರಣ, ಮುಂದೆ ಯಾವುದರ ಮೇಲೆ ಕಣ್ಣಿಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ, ತಾಯಿ ಓದಬಲ್ಲ ಕನ್ನಡದಲ್ಲಿ, ಬರೆದುಕೊಡಬೇಕು. ಆ ಹಾಳೆ ಅಂಗನವಾಡಿಗೂ ಶಾಲೆಗೂ ತಲುಪಬೇಕು. ಕಿವಿಯ ಮತ್ತು ಕಲಿಕೆಯ ಪರೀಕ್ಷೆ ಒಮ್ಮೆಗೇ ನಿಲ್ಲದೆ ಹಲವು ವರ್ಷ ನಡೆಯಬೇಕು. ಮನೆಯಲ್ಲಿ ಮಗುವಿನೊಡನೆ ಹೆಚ್ಚು ಮಾತನಾಡುವುದು, ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು, ಓರಗೆಯವರೊಡನೆ ಆಡಬಿಡುವುದು. ಶಾಲೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸುವುದು, ಬರೆಯಲು ಹೆಚ್ಚು ಹೊತ್ತು ಕೊಡುವುದು: ಇವಕ್ಕೆ ಹಣ ಬೇಕಿಲ್ಲ, ತಿಳಿವಳಿಕೆ ಬೇಕು. ಆ ತಿಳಿವಳಿಕೆ ಹಳ್ಳಿಯ ಉಪಾಧ್ಯಾಯರಿಗೆ ದೊರೆಯಬೇಕಾದರೆ ಅವರನ್ನು ಸಿದ್ಧಗೊಳಿಸುವ ಕಾಲೇಜುಗಳಲ್ಲಿ ಈ ವಿಷಯ ಪಾಠವಾಗಬೇಕು. ಔಷಧದ ಚರಿತ್ರೆಯನ್ನು ಬಾಸ್ಟನ್ನಿನಲ್ಲಿ, ಮೆಂಫಿಸಿನಲ್ಲಿ, ಮುಂಬಯಿಯಲ್ಲಿ ಬರೆದರು. ಗುಣವಾದ ಮಗುವನ್ನು ಬೆಳೆಸುವ ಚರಿತ್ರೆಯನ್ನು ಅರಕೆರೆಯ ಶಾಲೆಯಲ್ಲಿಯೇ ಬರೆಯಬೇಕಾಗಿದೆ.