ಟಾಟಾ ಇನ್‌ಸ್ಟಿಟ್ಯೂಟಿನಲ್ಲೊಬ್ಬ ಯಹೂದಿ

ಮಾಲೂರಿನಿಂದ ದಿನಾ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ನನ್ನಂಥವನಿಗೆ ಟಾಟಾ ಇನ್‌ಸ್ಟಿಟ್ಯೂಟ್ ಅಂದರೆ ನೆನಪಾಗೋದು ಸಿ.ವಿ. ರಾಮನ್. ಅಲ್ಲಿ 1935-36ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಕೂಡ ಕೆಲವು ತಿಂಗಳು ಇದ್ದರು ಅನ್ನೋದು ಎಷ್ಟು ಜನಕ್ಕೆ ಗೊತ್ತೋ!

ಬಾರ್ನ್ ಹುಟ್ಟಿನಿಂದ ಯಹೂದಿ. 1914ರಲ್ಲೇ ಕ್ರೈಸ್ತರಾಗಿದ್ದರೂ ಹಿಟ್ಲರನ ಕಾನೂನು ನೋಡಿದ್ದು ಹುಟ್ಟನ್ನು ಮಾತ್ರ. 1933ರಲ್ಲಿ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯದ ಕೆಲಸ ಹೋಯಿತು. ರಾಮನ್ ಬಾರ್ನ್‌ರನ್ನು ಇಲ್ಲಿಗೆ ಕರೆಸಿ, ಕಾಯಂ ಪ್ರೊಫೆಸರ್ ಮಾಡಲು ಹೊರಟರು. ಆಗ ಸಭೆಯಲ್ಲಿ ಆಸ್ಟನ್ ಎಂಬ ಇಂಗ್ಲಿಷ್ ಪ್ರೊಫೆಸರ್ ಎದ್ದು, ತನ್ನ ದೇಶದಿಂದಲೇ ಹೊರದಬ್ಬಿಸಿಕೊಂಡ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಅಂದರಂತೆ. ಬಾರ್ನ್ ಅಲ್ಲೇ ಕೂತಿದ್ದರು. ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತುಬಿಟ್ಟರಂತೆ.

ಯಾಕೆ ಓಡಿಸಿದರು ಅಂತ ಆ ಸಹೋದ್ಯೋಗಿ ಕೇಳಲಿಲ್ಲ. ಓಡಿಬಂದದ್ದನ್ನೇ ಕುಂದು ಅಂತ ಲೆಕ್ಕ ಹಾಕಿದರು. ಹುದ್ದೆ ಸಿಗಲಿಲ್ಲ. 1936ರಲ್ಲಿ ಬಾರ್ನ್ ಎಡಿನ್‌ಬರೊ ಸೇರಿದರು. 1954ರಲ್ಲಿ ನೊಬೆಲ್ ಬಂತು.