ಟವರಿನ ಕರೆಂಟು ಬಿಲ್ಲು ಮತ್ತು ಕಿತ್ತೂರಿನ ಎಕ್ಸ್‌ಚೇಂಜು

ರಾಜರ ಇತಿಹಾಸ, ದೇವಸ್ಥಾನಗಳ ಇತಿಹಾಸ ಬರೆಯೋಕೆ ತುಂಬಾ ಜನ ಇದ್ದಾರೆ. ನಾನು ಇವತ್ತು ಮೊಬೈಲ್ ಟವರಿನ ಕರೆಂಟು ಬಿಲ್ಲಿನ ಇತಿಹಾಸ ಬರೆಯೋಣ ಅಂತ ಕೂತಿದ್ದೇನೆ. ನಗಬೇಡಿ :) ನಾಗಸಂದ್ರದಲ್ಲಿ ಇರುವವನಿಗೆ ಇದು ಸಹಜವಾದ ವಿಷಯವೇ. ಮೆಟ್ರೋ ಸ್ಟೇಷನ್ನಿನ ಮೇಲೆ ನಿಂತು ಪೀಣ್ಯದ ಕಡೆ ನೋಡಿದರೆ ಕಾರ್ಖಾನೆ ಶೀಟುಗಳ ನಡುವೆ, ಮನೆಗಳ ತಾರಸಿ ಮೇಲೆ, ಎಲ್ಲಿ ನೋಡಿದರೂ ಟವರು. ಹಿಂದೆಲ್ಲ ಬೇಸಿಗೆಯಲ್ಲಿ ಲೋಡ್ ಶೆಡ್ಡಿಂಗ್ ಶುರುವಾದರೆ ನಮ್ಮ ಬೀದಿಯಿಡೀ ಕತ್ತಲು, ಟವರಿನ ಜನರೇಟರು ಮಾತ್ರ ಗುಡುಗುಡು ಅಂತ ಹೊಗೆ ಬಿಡುತ್ತಾ ಕೂತಿರುತ್ತಿತ್ತು. ಅದಕ್ಕೆ ಅಷ್ಟೊಂದು ಡೀಸೆಲ್ ಯಾಕೆ ಬೇಕು ಅನ್ನೋ ಪ್ರಶ್ನೆಯಿಂದ ಈ ಬರಹ ಹುಟ್ಟಿದ್ದು.

ಕಥೆ ಶುರುವಾಗೋದು ಮಾತ್ರ ಟವರಿನಿಂದಲ್ಲ, ಬೆಳಗಾವಿ ಜಿಲ್ಲೆಯ ಕಿತ್ತೂರಿನಿಂದ. ಹೌದು, ಚೆನ್ನಮ್ಮನ ಕಿತ್ತೂರೇ. 1984ರಲ್ಲಿ ಸ್ಯಾಮ್ ಪಿತ್ರೋಡಾ ಮುಂದಾಳುತನದಲ್ಲಿ ಸಿ-ಡಾಟ್ ಹುಟ್ಟಿತು. ದೆಹಲಿಯ ಜೊತೆಗೆ ಬೆಂಗಳೂರಿನಲ್ಲೂ ಅದರ ಕೆಲಸ ನಡೆಯುತ್ತಿತ್ತು. ಆಗ ವಿದೇಶದಿಂದ ಬರುತ್ತಿದ್ದ ಡಿಜಿಟಲ್ ಎಕ್ಸ್‌ಚೇಂಜುಗಳಿಗೆ ತಣ್ಣನೆ ಕೋಣೆ ಬೇಕು, ತಪ್ಪದ ಕರೆಂಟು ಬೇಕು. ನಮ್ಮ ಹೋಬಳಿ ಊರುಗಳಲ್ಲಿ ಎರಡೂ ಇರಲಿಲ್ಲ. ಸಿ-ಡಾಟ್‌ನವರು ಎಸಿ ಇಲ್ಲದೆ ನಡೆಯುವ, 128 ಪೋರ್ಟುಗಳ ಸಣ್ಣ ಗ್ರಾಮೀಣ ಎಕ್ಸ್‌ಚೇಂಜು ಮಾಡಿದರು. ಬಿಸಿಯಾದ ಗಾಳಿ ತಾನಾಗೇ ಮೇಲೆದ್ದು ಹೋಗಬೇಕು, ಅಷ್ಟೇ. ಕರೆಂಟು ಕಮ್ಮಿ ಎಳೆಯುವ ಚಿಪ್ಪುಗಳನ್ನೇ ಆರಿಸಿದ್ದರಿಂದ ಇದು ಸಾಧ್ಯವಾಯಿತು. 1986ರಲ್ಲಿ ಅದು ಮೊದಲು ಕೂತಿದ್ದು ಕಿತ್ತೂರಿನಲ್ಲಿ.

ಅದು ತಂತಿ ಫೋನು, ನಿಸ್ತಂತುವಿಗೂ ಅದಕ್ಕೂ ಏನು ಸಂಬಂಧ ಅಂತೀರಾ? ಸ್ವಲ್ಪ ತಾಳಿ.

1990ರ ದಶಕದ ಕೊನೆಗೆ ನಮ್ಮಲ್ಲಿ ಜೆಟಿಎಂ, ಸ್ಪೈಸ್ ಅಂತ ಮೊಬೈಲ್ ಕಂಪನಿಗಳು ಬಂದವು. ತಂತ್ರಜ್ಞಾನ ಯುರೋಪಿನ ಜಿಎಸ್ಎಂ. 2003ರ ಮೇ ತಿಂಗಳಲ್ಲಿ ಒಳಬರುವ ಕರೆಗಳು ಫ್ರೀ ಆದ ಮೇಲಂತೂ ಟವರುಗಳು ಅಣಬೆಯಂತೆ ಎದ್ದವು. ಪ್ರತಿ ಟವರಿನ ಬುಡದಲ್ಲಿ ಒಂದು ಪೆಟ್ಟಿಗೆ ಮನೆ, ಅದರೊಳಗೆ ಉಪಕರಣ, ಅದನ್ನು ತಂಪಾಗಿಡಲು ಎಸಿ, ಪಕ್ಕದಲ್ಲಿ ಜನರೇಟರು. ಕಿತ್ತೂರಿನಲ್ಲಿ ಬಿಟ್ಟಿದ್ದ ಎಸಿಯನ್ನು ಊರೂರಿಗೆ ಮತ್ತೆ ತಂದಿದ್ದೆವು!

ಲೆಕ್ಕ ನೋಡಿ. ಒಂದು ಆಂಟೆನಾದಿಂದ ಗಾಳಿಗೆ ಸೇರುವ ಶಕ್ತಿ ಕೆಲವು ಹತ್ತು ವಾಟ್, ಅಂದರೆ ಹಳೇ ಕಾಲದ ಒಂದು ಬಲ್ಬಿನಷ್ಟು. ಟವರು ಲೈನಿನಿಂದ ಎಳೆಯುತ್ತಿದ್ದದ್ದು ಮಾತ್ರ ಕಿಲೋವಾಟ್ ಲೆಕ್ಕದಲ್ಲಿ. ನಡುವಿನದ್ದು ಎಲ್ಲಿ ಹೋಯಿತು? ಸಂಕೇತವನ್ನು ಬಲಪಡಿಸುವ ಆಂಪ್ಲಿಫೈಯರು ತಿಂದ ಕರೆಂಟಿನಲ್ಲಿ ಬಹುಪಾಲನ್ನು ಬಿಸಿ ಮಾಡಿ ಬಿಡುತ್ತಿತ್ತು. ಆ ಬಿಸಿ ತೆಗೆಯೋಕೆ ಎಸಿ, ಎಸಿಗೆ ಮತ್ತಷ್ಟು ಕರೆಂಟು, ಕರೆಂಟು ಹೋದಾಗ ಎಸಿಯನ್ನೂ ಹೊರಬಲ್ಲ ದೊಡ್ಡ ಜನರೇಟರು. ಇಷ್ಟು ಸಾಲದು ಅಂತ, ಕೆಳಗಿನ ಪೆಟ್ಟಿಗೆಯಿಂದ ಮೇಲಿನ ಆಂಟೆನಾಕ್ಕೆ ಹೋಗುವ ದಪ್ಪ ಕೇಬಲ್ಲಿನಲ್ಲೂ ಸೋರಿಕೆ. ಆ ನಷ್ಟ 3 ಡೆಸಿಬೆಲ್ ಆದರೆ ಅರ್ಧ ಶಕ್ತಿ ದಾರಿಯಲ್ಲೇ ಖರ್ಚು.

2011ರಲ್ಲಿ ಟ್ರಾಯ್ ಹಸಿರು ದೂರಸಂಪರ್ಕದ ಬಗ್ಗೆ ಶಿಫಾರಸು ಬರೆಯುವ ಹೊತ್ತಿಗೆ ದೇಶದಲ್ಲಿ ಸುಮಾರು 3 ಲಕ್ಷ 10 ಸಾವಿರ ಟವರುಗಳಿದ್ದವು. ಅವಕ್ಕೆ ಬೇಕಾದ ಶಕ್ತಿಯಲ್ಲಿ ಶೇ. 60ರಷ್ಟು ಬರುತ್ತಿದ್ದದ್ದು ಡೀಸೆಲ್ಲಿನಿಂದ, ವರ್ಷಕ್ಕೆ 200 ಕೋಟಿ ಲೀಟರ್ ಅಂತ ಟ್ರಾಯ್ ಅಂದಾಜು. 2012ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ, 2015ರೊಳಗೆ ಹಳ್ಳಿಗಳ ಶೇ. 50 ಮತ್ತು ಪಟ್ಟಣಗಳ ಶೇ. 20 ಟವರುಗಳು ಸೌರ, ಗಾಳಿ ಇತ್ಯಾದಿ ಬೆರೆತ ಹೈಬ್ರಿಡ್ ವಿದ್ಯುತ್ತಿನಲ್ಲಿ ನಡೆಯಬೇಕು ಅಂತ ಹೇಳಿತು. ಆದರೆ ನನ್ನನ್ನು ಕೇಳಿದರೆ ಆದೇಶಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಡೀಸೆಲ್ ರೇಟು. 2013ರ ಜನವರಿಯಿಂದ ಡೀಸೆಲ್ ತಿಂಗಳು ತಿಂಗಳು ಏರತೊಡಗಿತು, ಸಗಟು ಕೊಳ್ಳುವವರಿಗೆ ಸಬ್ಸಿಡಿ ತಪ್ಪಿತು, 2014ರ ಅಕ್ಟೋಬರಿನಲ್ಲಿ ಸರ್ಕಾರಿ ಹಿಡಿತವೇ ಹೋಯಿತು. ಜೇಬಿಗೆ ಬಿಸಿ ತಟ್ಟಿದಾಗ ಪರಿಸರ ನೆನಪಾಗುತ್ತೆ ಸ್ವಾಮಿ.

ಅದಕ್ಕೂ ಮುಂಚೆ ಖರ್ಚು ಉಳಿಸೋ ಯೋಚನೆಯಿಂದಲೇ ಒಂದು ಒಳ್ಳೆ ಕೆಲಸ ಆಗಿತ್ತು. 2007ರಲ್ಲಿ ಭಾರ್ತಿ, ವೊಡಾಫೋನ್, ಐಡಿಯಾ ಸೇರಿ ಇಂಡಸ್ ಟವರ್ಸ್ ಕಟ್ಟಿದವು. ಹೊರಗೆ ಕಿತ್ತಾಡುವ ಕಂಪನಿಗಳು ಒಂದೇ ಟವರು, ಒಂದೇ ಬ್ಯಾಟರಿ, ಒಂದೇ ಜನರೇಟರು ಹಂಚಿಕೊಂಡವು.

ನನಗೆ ಇಷ್ಟವಾಗುವ ಬದಲಾವಣೆ ಇನ್ನೊಂದು. ರೇಡಿಯೋ ಭಾಗವನ್ನು ಪೆಟ್ಟಿಗೆಯಿಂದ ಎತ್ತಿ ಆಂಟೆನಾದ ಬೆನ್ನಿಗೇ ಕಟ್ಟಿದರು. ಕೆಳಗಿಂದ ಫೈಬರು ಮತ್ತು ಕರೆಂಟು ವೈರು ಹೋದರೆ ಸಾಕು, ದಪ್ಪ ಕೇಬಲ್ಲಿನ ಸೋರಿಕೆ ಇಲ್ಲ. ಅದರ ಮೈಮೇಲೆ ಲೋಹದ ರೆಕ್ಕೆಗಳಿರುತ್ತವೆ, ಬೀಸೋ ಗಾಳಿಗೆ ತಣ್ಣಗಾಗುತ್ತದೆ. ಉಳಿದ ಉಪಕರಣವೂ ಬಯಲಲ್ಲಿ ಸಣ್ಣ ಕಬ್ಬಿಣದ ಬೀರುವಿಗೆ ಬಂತು. ಎಸಿ ಹೋಯಿತು. ಕಿತ್ತೂರಿನಲ್ಲಿ ಮಾಡಿದ್ದನ್ನೇ ಟವರಿನಲ್ಲಿ ಮಾಡೋಕೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು ನೋಡಿ.

ಇನ್ನು ಉಳಿದಿದ್ದು ಟವರಿಗೆ ನಿದ್ದೆ ಕಲಿಸೋ ಕೆಲಸ. ರಾತ್ರಿ ಎರಡು ಗಂಟೆಗೆ ಯಾರೂ ಮಾತಾಡದಿದ್ದರೂ ಜಿಎಸ್ಎಂ ಟವರಿನ ಒಂದು ಮುಖ್ಯ ತರಂಗ ಪೂರ್ತಿ ಶಕ್ತಿಯಲ್ಲಿ ಪ್ರಸಾರವಾಗುತ್ತಲೇ ಇರಬೇಕು. ಹತ್ತಿರದ ಟವರು ಯಾವುದು ಅಂತ ಫೋನುಗಳು ಅಳೆಯೋದೇ ಅದರಿಂದ. 4ಜಿಯಲ್ಲಿ ಪ್ರತಿ ಮಿಲಿಸೆಕೆಂಡಿಗೂ ಗುರುತಿನ ಸಂಕೇತ ಕಳಿಸಬೇಕು. 5ಜಿಯಲ್ಲಿ ಅದನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಮ್ಮೆ ಅಂತ ಮಾಡಿದರು, ನಡುವೆ ಆಂಪ್ಲಿಫೈಯರು ಕಣ್ಣು ಮುಚ್ಚಬಹುದು. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಶುರುವಾದಾಗ ಮೊದಲ ಊರುಗಳಲ್ಲಿ ಬೆಂಗಳೂರೂ ಇತ್ತು. ಆದರೆ ಈ ಹೊಸ ಆಂಟೆನಾಗಳಲ್ಲಿ ಕೆಲವದರೊಳಗೆ 64 ಪುಟ್ಟ ಟ್ರಾನ್ಸ್‌ಮಿಟರುಗಳಿವೆ. ಒಂದು ಸಿನಿಮಾ ಕಳಿಸೋಕೆ ಮೊದಲಿಗಿಂತ ಕಡಿಮೆ ಶಕ್ತಿ ಸಾಕು ನಿಜ, ಆದರೆ ನಾವು ನೋಡೋ ಸಿನಿಮಾಗಳೂ ಅಷ್ಟೇ ಜಾಸ್ತಿಯಾಗಿವೆಯಲ್ಲ...

ಹಳೇ 2ಜಿ ತರಂಗವನ್ನು ಪೂರ್ತಿ ಆರಿಸಿಬಿಟ್ಟರೆ ಒಂದಿಷ್ಟು ಕರೆಂಟು ಉಳಿಯುತ್ತೆ ಅಂತ ಹೇಳುವವರಿದ್ದಾರೆ. ಅವರ ಲೆಕ್ಕ ಸರಿಯೇ. ಆದರೆ ಪೀಣ್ಯದ ಎಷ್ಟೋ ಕಾವಲುಗಾರರ ಗುಂಡಿ ಫೋನು ರಾತ್ರಿಯಿಡೀ ಕೇಳಿಸಿಕೊಳ್ಳುತ್ತಿರೋದು ಆ ತರಂಗವನ್ನೇ.